ಟ್ಯಾಪೆಟ್ ಸೆಟ್ಟಿಂಗ್ ತಪ್ಪಾಗಿರುವ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಕಳೆದ ತಿಂಗಳು ನನ್ನ ಹಳೇ ಟೊಯೋಟಾ ಎಇ86 ಕಾರನ್ನು ಟ್ಯಾಪೆಟ್ (ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಗ್ಯಾಪ್) ಚೆಕ್ ಮಾಡಿಸಲು ನಿಮ್ಮ ವರ್ಕ್‌ಶಾಪಿಗೆ ಬಿಟ್ಟಿದ್ದೆ. 4ಎ-ಜಿಇ ಎಂಜಿನ್, 16 ವಾಲ್ವ್. ಬಿಡುವಾಗ ಸಣ್ಣಗೆ ಟಿಕ್‌ಟಿಕ್ ಶಬ್ದ ಇತ್ತು, ವಾಪಸ್ ಕೊಡುವಾಗ ಇರಲಿಲ್ಲ. "ನೋಡಿ ಸರ್, ಶಬ್ದ ಪೂರ್ತಿ ಹೋಯ್ತು" ಎಂದು ನಿಮ್ಮ ಮೆಕ್ಯಾನಿಕ್ ಖುಷಿಯಿಂದ ಹೇಳಿದರು. ನನ್ನ ದೂರು ಇರುವುದೇ ಅಲ್ಲಿ.

ಒಂದು ಗಂಟೆ ಓಡಿಸಿಕೊಂಡು ಬಂದು ಕೀ ಕೊಟ್ಟಿದ್ದೆ. ಎರಡು ಗಂಟೆಯೊಳಗೆ ಕೆಲಸ ಮುಗಿಯಿತು ಎಂದು ಫೋನ್ ಬಂತು. ಈ ಎಂಜಿನ್ನಿನ ಗ್ಯಾಪನ್ನು ಪೂರ್ತಿ ತಣ್ಣಗಾದ ಮೇಲೆ ಅಳೆಯಬೇಕು. ಇನ್‌ಟೇಕ್‌ಗೆ 0.15ರಿಂದ 0.25 ಮಿ.ಮೀ., ಎಕ್ಸಾಸ್ಟ್‌ಗೆ 0.20ರಿಂದ 0.30. ಬಿಸಿ ಎಂಜಿನ್ನಿನ ಅಳತೆಯನ್ನು ಈ ಲೆಕ್ಕಕ್ಕೆ ಹಿಡಿಯುವ ಹಾಗೇ ಇಲ್ಲ. ಅಳೆದಿದ್ದಾರೋ, ಸುಮ್ನೆ ಕಿವಿಗೊಟ್ಟು ಕೇಳಿ ಶಿಮ್ (ಗ್ಯಾಪ್ ಸರಿಹೊಂದಿಸುವ ಲೋಹದ ಬಿಲ್ಲೆ) ಹಾಕಿದ್ದಾರೋ? ಬಿಲ್‌ನಲ್ಲಿ "ಟ್ಯಾಪೆಟ್ ಸೆಟ್ ಮಾಡಿದೆ" ಎಂದು ಒಂದೇ ಸಾಲಿದೆ, ಒಂದು ರೀಡಿಂಗ್ ಕೂಡ ಇಲ್ಲ.

ನಾಲ್ಕು ದಿನಕ್ಕೆ ಹೊಸ ರೋಗ ಶುರುವಾಯಿತು. ತಣ್ಣಗಿದ್ದಾಗ ಚೆನ್ನಾಗಿಯೇ ಇರುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಮಿಸ್ ಹೊಡೆಯುತ್ತದೆ. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ನಾನೇ ಕ್ಯಾಮ್ ಕವರ್ ಬಿಚ್ಚಿದೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಒಂದರಲ್ಲಿ 0.20ರ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ತುದಿಯೂ ಹೋಗಲಿಲ್ಲ. 0.15 ಕೂಡ ಇಲ್ಲ. 0.10 ಮಾತ್ರ ಬಿಗಿಯಾಗಿ ಹೋಯಿತು. ಬಕೆಟ್ (ವಾಲ್ವ್ ಮೇಲೆ ಕೂರುವ, ಶಿಮ್ ಇರುವ ಲೋಹದ ಟೊಪ್ಪಿ) ಒತ್ತಿ ಹಿಡಿದು, ಶಿಮ್ ಎತ್ತಿ ಮೈಕ್ರೋಮೀಟರಿನಲ್ಲಿ ಅಳೆದರೆ 2.80 ಮಿ.ಮೀ. ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಅದೇ ಜಾಗಕ್ಕೆ ಬರೆದಿಟ್ಟಿರುವುದು ಶಿಮ್ 2.65, ಗ್ಯಾಪ್ 0.25. ಶಿಮ್ 0.15 ದಪ್ಪವಾಯಿತು, ಗ್ಯಾಪ್ ಸರಿಯಾಗಿ ಅಷ್ಟೇ ಕಮ್ಮಿಯಾಯಿತು. ಸರಿಯಿದ್ದ ಶಿಮ್ ತೆಗೆದು ದಪ್ಪದ್ದು ಹಾಕಿದ್ದು ನಿಮ್ಮವರೇ, ಅಲ್ವಾ?

ಈ ಎಂಜಿನ್ ಸ್ವಲ್ಪ ಟಿಕ್‌ಟಿಕ್ ಅಂದರೆ ನನಗೆ ಬೇಜಾರಿಲ್ಲ. ಗ್ಯಾಪ್ ಜಾಸ್ತಿಯಿದ್ದರೆ ಕೂಗಿ ಹೇಳುತ್ತದೆ, ಕಮ್ಮಿಯಾದರೆ ಬಾಯಿ ಬಿಡದೆ ವಾಲ್ವ್ ಸುಡುತ್ತದೆ. ಎಕ್ಸಾಸ್ಟ್ ವಾಲ್ವಿನ ಬಿಸಿ ಹೆಚ್ಚಾಗಿ ಇಳಿಯುವುದೇ ಅದು ಮುಚ್ಚಿಕೊಂಡು ಹೆಡ್‌ನಲ್ಲಿರುವ ವಾಲ್ವ್ ಸೀಟಿನ ಮೇಲೆ ಕೂತಾಗ. ಗ್ಯಾಪ್ ಕಮ್ಮಿ ಮಾಡಿ ಪೂರ್ತಿ ಕೂರಲು ಬಿಡದಿದ್ದರೆ ಬಿಸಿ ಎಲ್ಲಿಗೆ ಹೋಗಬೇಕು? 7,000 ಆರ್‌ಪಿಎಂ ದಾಟಿ ತಿರುಗುವ ಎಂಜಿನ್ ಇದು.

ಇನ್ನೊಂದು ಮಾತು. ಕವರ್ ಗ್ಯಾಸ್ಕೆಟ್ ಸರಿಯಾಗಿ ಕೂರಿಸಿಲ್ಲ, ಪ್ಲಗ್‌ಗಳ ಸುತ್ತ ಆಯಿಲ್ ನಿಂತಿದೆ.

ಆದ್ದರಿಂದ ಮೊದಲು ನೀವು ತೆಗೆದ ನನ್ನ ಹಳೇ ಶಿಮ್‌ಗಳನ್ನು ವಾಪಸ್ ಕೊಡಿ. ಎಂಜಿನ್ ರಾತ್ರಿಯಿಡೀ ತಣ್ಣಗಾದ ಮೇಲೆ, ನನ್ನ ಎದುರಿಗೇ, 16 ವಾಲ್ವ್‌ಗಳನ್ನೂ ಅಳೆದು, ರೀಡಿಂಗ್ ಬರೆದುಕೊಟ್ಟು, ದುಡ್ಡು ತೆಗೆದುಕೊಳ್ಳದೆ ಸರಿಮಾಡಿ. ಮೂರನೇ ಸಿಲಿಂಡರಿನ ಕಂಪ್ರೆಷನ್ ಕೂಡ ನೋಡಿ. ವಾಲ್ವ್ ಸುಟ್ಟಿದ್ದರೆ ಹೆಡ್ ಬಿಚ್ಚುವ ಖರ್ಚು ನಿಮ್ಮದು. ಇದಕ್ಕೆ ಒಪ್ಪದಿದ್ದರೆ ನಾನು ಕೊಟ್ಟ ಲೇಬರ್ ಚಾರ್ಜ್ ಪೂರ್ತಿ ಹಿಂತಿರುಗಿಸಿ, ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ.

15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಅಲ್ಲಿಯವರೆಗೆ ಕಾರನ್ನು ಸ್ಟಾರ್ಟ್ ಮಾಡುವುದಿಲ್ಲ. ಟೋ ಮಾಡಿಸಿಕೊಂಡು ಹೋಗುವ ವ್ಯವಸ್ಥೆಯೂ ನಿಮ್ಮದೇ.

ಇಂತಿ,
ಕಾರಿನ ಮಾಲೀಕ

ಜೊತೆಗೆ: ಬಿಲ್ ಪ್ರತಿ, ನೋಟ್‌ಬುಕ್ ಪುಟದ ಫೋಟೋ, ಮೈಕ್ರೋಮೀಟರಿನಲ್ಲಿ ಶಿಮ್ ಅಳೆಯುತ್ತಿರುವ ಫೋಟೋ