ಮೊದಲು ಕಾಯಬೇಕಾದುದು ಇಮೇಲ್ ಖಾತೆಯನ್ನು

ಮಾನ್ಯ ಸಂಪಾದಕರೇ,

ಸೈಬರ್ ವಂಚನೆಯ ಮಾತು ಬಂದಾಗ ಬ್ಯಾಂಕ್ ಪಾಸ್‌ವರ್ಡ್ ಜೋಪಾನ ಎನ್ನುವವರೇ ಹೆಚ್ಚು. ಇಮೇಲ್ ಬಗ್ಗೆ ಯೋಚಿಸುವವರು ಕಡಿಮೆ. ‘ಪಾಸ್‌ವರ್ಡ್ ಮರೆತಿದ್ದೀರಾ?’ ಎಂಬುದನ್ನು ಒತ್ತಿದರೆ ಬಹುತೇಕ ಖಾತೆಗಳ ಹೊಸ ಪಾಸ್‌ವರ್ಡ್‌ನ ಲಿಂಕ್ ಬರುವುದು ಇಮೇಲ್‌ಗೇ. ಅದೊಂದು ಕಳ್ಳರ ಕೈಸೇರಿದರೆ ಉಳಿದವು ಒಂದೊಂದಾಗಿ ಹೋಗುತ್ತವೆ.

ಇಮೇಲ್‌ಗೆ ಬೇರೆಲ್ಲೂ ಬಳಸದ, ಕನಿಷ್ಠ 15 ಅಕ್ಷರಗಳ ಪಾಸ್‌ವರ್ಡ್ ಇರಲಿ. ಸಂಬಂಧವೇ ಇಲ್ಲದ ನಾಲ್ಕೈದು ಪದಗಳನ್ನು ಪೋಣಿಸಿದರೆ ನೆನಪಿಡಲೂ ಸುಲಭ. ಎಲ್ಲೋ ಒಂದು ತಾಣದಿಂದ ಸೋರಿದ ಪಾಸ್‌ವರ್ಡನ್ನು ವಂಚಕರು ತಂತ್ರಾಂಶ ಬಳಸಿ ಬೇರೆ ತಾಣಗಳಲ್ಲೂ ಹಾಕಿ ನೋಡುತ್ತಾರೆ. ಪಾಸ್‌ವರ್ಡ್ ಬಳಿಕ ಕೇಳುವ ಎರಡನೇ ಹಂತದ ದೃಢೀಕರಣಕ್ಕೆ ಎಸ್‌ಎಂಎಸ್ ಒಟಿಪಿಗಿಂತ ಲಾಗಿನ್ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್ ಮೇಲು. ನಿಮ್ಮ ನಂಬರಿನ ನಕಲಿ ಸಿಮ್ ಪಡೆದವರಿಗೆ ಎಸ್‌ಎಂಎಸ್ ಸಿಗುತ್ತದೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಆ್ಯಪ್‌ನ ಸಂಖ್ಯೆ ಫೋನಿನಲ್ಲೇ ಹುಟ್ಟುತ್ತದೆ. ಕೇಳಿದವರಿಗೆ ಅದನ್ನೂ ಹೇಳಬಾರದು ಅನ್ನಿ. ಫೋನ್ ಕೈಯಲ್ಲಿಲ್ಲದಾಗ ಬಳಸಲು ಸಿಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ.

ಕೈತಪ್ಪಿದ ಖಾತೆ ಮರಳಿ ಸಿಕ್ಕಾಗ ಬರೀ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುವುದು ದೊಡ್ಡ ತಪ್ಪು. ಕಳ್ಳರು ಸೆಟ್ಟಿಂಗ್ಸ್‌ನಲ್ಲಿ ತಮ್ಮ ಫಾರ್ವರ್ಡಿಂಗ್ ವಿಳಾಸ ಸೇರಿಸಿ ಹೋಗಿದ್ದರೆ ನಿಮ್ಮ ಪತ್ರಗಳು ಅವರಿಗೂ ತಲುಪುತ್ತಲೇ ಇರುತ್ತವೆ. ಅದನ್ನೂ, ಪತ್ರಗಳನ್ನು ತಾನಾಗಿ ವಿಂಗಡಿಸುವ ಫಿಲ್ಟರ್‌ಗಳನ್ನೂ ರಿಕವರಿ ಫೋನ್ ನಂಬರನ್ನೂ ಪರಿಶೀಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಬೇಕು.

– ಓದುಗ