ಮಗಳಿಗೊಂದು ಪತ್ರ: ಬಾಗಿಲ ಬಳಿ ನಿಂತ ಆನಾ

ಪ್ರೀತಿಯ ಪುಟ್ಟಿ,

ಮಾತೇ ಇಲ್ಲದ ಸಿನಿಮಾವನ್ನು ಅಷ್ಟು ಹೊತ್ತು ಹೇಗಮ್ಮಾ ನೋಡುತ್ತೀ ಎಂದು ಫೋನಿನಲ್ಲಿ ನಕ್ಕೆಯಲ್ಲ, ಅದಕ್ಕೇ ಈ ಪತ್ರ.

ಚಿತ್ರದ ಹೆಸರು ‘ವೇ ಡೌನ್ ಈಸ್ಟ್’. ಅಮೆರಿಕದ ನಿರ್ದೇಶಕ ಗ್ರಿಫಿತ್ 1920ರಲ್ಲಿ ತೆಗೆದದ್ದು. ಆನಾ ಎಂಬ ಬಡ ಹುಡುಗಿ. ಹಣವಂತನೊಬ್ಬ ಸುಳ್ಳು ಪಾದ್ರಿಯನ್ನು ನಿಲ್ಲಿಸಿ ಮದುವೆಯ ನಾಟಕವಾಡುತ್ತಾನೆ, ಬಸುರಿಯಾದಾಗ ಕೈಬಿಡುತ್ತಾನೆ. ಕೂಸು ಸಾಯುವ ಹೊತ್ತಿಗೆ ಬಾಡಿಗೆ ಕೋಣೆಯಲ್ಲಿ ಅವಳು ತಾನೇ ನೀರು ಚಿಮುಕಿಸಿ ಅದಕ್ಕೆ ದೀಕ್ಷಾಸ್ನಾನ ಮಾಡಿಸುತ್ತಾಳೆ. ಅಲ್ಲಿ ನಾನು ಎದ್ದು ಹೋಗಿ ಒಲೆಯ ಮೇಲಿದ್ದ ಹಾಲು ಇಳಿಸಿ ಬಂದೆ. ಅದೇನೂ ಉಕ್ಕುತ್ತಿರಲಿಲ್ಲ.

ಆಮೇಲೆ ಒಬ್ಬ ಜಮೀನುದಾರನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ನಡುವೆ ಹಳ್ಳಿಯವರ ಹಾಸ್ಯವಿದೆ, ಓಡಿಸಿಬಿಡು. ಹಳೆಯ ಸಂಗತಿ ಬಯಲಾದಾಗ ಯಜಮಾನ ಅವಳಿಗೆ ಬಾಗಿಲು ತೋರಿಸುತ್ತಾನೆ. ಅದೇ ಮೇಜಿನ ಬಳಿ ಗೌರವದ ಅತಿಥಿಯಾಗಿ ಕುಳಿತವನು ಯಾರು ಗೊತ್ತೇ? ಅವಳಿಗೆ ಮೋಸ ಮಾಡಿದವನೇ! ಇಷ್ಟೆಲ್ಲ ಕೆದಕಿದವರು ಇವನ ಬಾಳನ್ನು ಏಕೆ ಕೆದಕಲಿಲ್ಲ ಎಂದು ಆನಾ ಅವನತ್ತ ಕೈ ತೋರಿಸಿ ಕೇಳುತ್ತಾಳೆ. ಮೊದಲು ತುಟಿ ಆಡುತ್ತದೆ, ಅಕ್ಷರ ಆಮೇಲೆ ತೆರೆಗೆ ಬರುತ್ತದೆ. ನನಗೆ ಅಕ್ಷರ ಬರುವ ಮೊದಲೇ ಕೇಳಿಸಿತು. ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ.

ಲೋಕಕ್ಕೆಲ್ಲ ನೆನಪಿರುವುದು ಅದರ ನಂತರದ ದೃಶ್ಯ. ಹಿಮದ ಬಿರುಗಾಳಿಯಲ್ಲಿ ಹೊರಬಿದ್ದ ಆನಾ ನದಿಯ ಮೇಲೆ ತೇಲುವ ಮಂಜುಗಡ್ಡೆಯ ಮೇಲೆ ಎಚ್ಚರ ತಪ್ಪಿ ಬಿದ್ದಿರುತ್ತಾಳೆ. ಅದನ್ನು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ನಿಜವಾದ ಚಳಿಗಾಲದಲ್ಲೇ ಚಿತ್ರಿಸಿದರು. ಕೈ ಮತ್ತು ಕೂದಲು ನೀರಿನಲ್ಲಿ ಎಳೆದುಕೊಂಡು ಹೋಗಲಿ ಎಂದು ಸೂಚಿಸಿದವಳು ನಟಿ ಲಿಲಿಯನ್ ಗಿಶ್. ಆಗ ಅವಳಿಗೆ 26 ವರ್ಷ. ಆ ಕೈಯ ನೋವು ಮುಂದೆಯೂ ಅವಳನ್ನು ಬಿಡಲಿಲ್ಲ. ನಿರ್ದೇಶಕನ ಮೇಲೆ ನನಗೆ ಅಂಥ ಗೌರವವೇನಿಲ್ಲ. 1915ರಲ್ಲಿ ಕರಿಯರನ್ನು ಹೀನಾಯವಾಗಿ ತೋರಿಸಿ ಚಿತ್ರ ಮಾಡಿದವನು ಅವನೇ. ಇಲ್ಲಿಯೂ ಕಡೆಗೆ ನಾಯಕನಾದ ಯಜಮಾನನ ಮಗನ ಕೈಯಿಂದಲೇ ಅವಳನ್ನು ಎತ್ತಿಸಿ ಮದುವೆ ಮಾಡಿಸಿದ್ದಾನೆ. ಆದರೆ ಬಾಗಿಲ ಬಳಿ ನಿಂತಾಗ ಅವಳ ಪಕ್ಕದಲ್ಲಿ ನಿರ್ದೇಶಕನೂ ಇಲ್ಲ, ನಾಯಕನೂ ಇಲ್ಲ ಎಂದೇ ನನಗೆ ಅನ್ನಿಸಿತು.

ಅಪ್ಪ ಮೊದಲ ಹತ್ತು ನಿಮಿಷಕ್ಕೇ ಗೊರಕೆ ಹೊಡೆದರು. ಯುಗಾದಿಗೆ ನೀನು ಬಂದಾಗ ಮತ್ತೆ ಹಾಕೋಣ. ಮಂಜುಗಡ್ಡೆ ಬಂದಾಗ ಅವರನ್ನು ಎಬ್ಬಿಸಿದರಾಯಿತು. ಅಲ್ಲಿಯವರೆಗೆ ನಾವಿಬ್ಬರೇ ನೋಡೋಣ.

ನಿನ್ನ
ಅಮ್ಮ