ಗಾಡಿ ಓಡಿಸುವವರಿಗೆ ಕರೆ ಮಾಡುವವರೂ ಯೋಚಿಸಲಿ

ಮಾನ್ಯ ಸಂಪಾದಕರೇ,

ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಮಾತನಾಡುತ್ತಲೇ ಸ್ಕೂಟರ್ ಓಡಿಸುವವರನ್ನು ಮೈಸೂರಿನ ರಿಂಗ್ ರಸ್ತೆಯಲ್ಲಿ ದಿನವೂ ನೋಡುತ್ತೇನೆ. ಎರಡೂ ಕೈ ಹ್ಯಾಂಡಲ್ ಮೇಲೇ ಇವೆಯಲ್ಲ ಎಂಬುದು ಅವರ ಸಮಾಧಾನ. ನನ್ನ ಮಗನೂ ಹಾಗೆಯೇ ಅಂದುಕೊಂಡಿದ್ದ.

ಕಳೆದ ವರ್ಷ ಒಂದು ಸಂಜೆ ಅವನು ನಂಜನಗೂಡಿನ ಕಾರ್ಖಾನೆಯಿಂದ ಮನೆಗೆ ಬರುತ್ತಿದ್ದಾಗ ಕರೆ ಮಾಡಿದವನು ನಾನೇ. ದಾರಿಯಲ್ಲಿ ಔಷಧ ತರಲು ಹೇಳಬೇಕಿತ್ತು, ಅಷ್ಟೇ. ‘ಹೇಳಿ ಅಪ್ಪಾ’ ಎಂದ. ನಾನು ಹೇಳಿದ ಮಾತ್ರೆಯ ಹೆಸರನ್ನು ಅವನು ಮತ್ತೊಮ್ಮೆ ಕೇಳುತ್ತಿದ್ದಂತೆಯೇ ತಗಡು ಡಾಂಬರಿಗೆ ಉಜ್ಜಿದ ಸದ್ದು ಕೇಳಿಸಿತು. ಕರೆ ಕಡಿತವಾಗಿರಲಿಲ್ಲ, ಸ್ವಲ್ಪ ಹೊತ್ತಿಗೆ ಯಾರೋ ಅಪರಿಚಿತರು ‘ನೀರು ತನ್ನಿ’ ಎಂದು ಕೂಗುವುದು ಕೇಳಿಸಿತು. ಕಡಕೊಳದ ಬಳಿ ರಸ್ತೆ ಉಬ್ಬು ಕಣ್ಣಿಗೆ ಬಿದ್ದಿದ್ದರೂ ಬ್ರೇಕ್ ಹಿಡಿಯಬೇಕೆಂಬುದೇ ಹೊಳೆಯಲಿಲ್ಲ ಎಂದು ಅವನು ಆಮೇಲೆ ಹೇಳಿದ. ಭುಜದ ಮೂಳೆ ಮುರಿದು ಎರಡು ತಿಂಗಳು ಮನೆಯಲ್ಲಿದ್ದ.

1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ವಾಹನ ಚಲಾಯಿಸುವಾಗ ಕೈಯಲ್ಲಿ ಹಿಡಿಯುವ ಸಂವಹನ ಸಾಧನವನ್ನು ಬಳಸುವುದು 184ನೇ ಸೆಕ್ಷನ್ ಅಡಿ ಅಪಾಯಕಾರಿ ಚಾಲನೆಯಾಗುತ್ತದೆ. ಇದಕ್ಕೆ 1,000 ರೂಪಾಯಿಯಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. 2020ರ ಅಕ್ಟೋಬರ್‌ನಿಂದ ದಾರಿ ನೋಡಿಕೊಳ್ಳಲು ಮಾತ್ರ, ಅದೂ ಚಾಲಕರ ಏಕಾಗ್ರತೆಗೆ ಭಂಗ ಬಾರದಂತೆ, ಮೊಬೈಲ್ ಬಳಸಲು ಅವಕಾಶ ಕೊಡಲಾಗಿದೆ. ಆದರೆ ‘ಕೈಯಲ್ಲಿ ಹಿಡಿಯುವ’ ಎಂಬ ಮಾತನ್ನೇ ಜನ ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡು, ಹೆಲ್ಮೆಟ್ಟಿನೊಳಗೆ ತುರುಕಿದರೆ, ಇಯರ್‌ಫೋನ್ ಹಾಕಿಕೊಂಡರೆ ಎಲ್ಲ ಸರಿಹೋಯಿತು ಎಂದು ನಂಬಿದ್ದಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಗಾಡಿ ಮೂರು ಸೆಕೆಂಡಿನಲ್ಲಿ 50 ಮೀಟರ್ ದಾಟಿರುತ್ತದೆ. ಮನಸ್ಸು ಮಾತಿನಲ್ಲಿದ್ದರೆ ಆ 50 ಮೀಟರಿನಲ್ಲಿ ಅಡ್ಡ ಬರುವ ಮಗುವಾಗಲಿ ದನವಾಗಲಿ ಕಣ್ಣಿಗೆ ಕಂಡೂ ಕಾಣದಂತಾಗುತ್ತದೆ.

ಸಂಚಾರ ಪೊಲೀಸರು ಹೆಲ್ಮೆಟ್ ಹಾಕಿದ್ದಾರೆಯೇ ಎಂದು ನೋಡುವಾಗ ಅದರೊಳಗೆ ಮೊಬೈಲ್ ಇದೆಯೇ ಎಂಬುದನ್ನೂ ನೋಡಲಿ. ಊಟ, ದಿನಸಿ ತಲುಪಿಸುವ ಹುಡುಗರನ್ನು ದುಡಿಸಿಕೊಳ್ಳುವ ಕಂಪನಿಗಳು, ಅವರು ಗಾಡಿ ಓಡಿಸುತ್ತಿರುವಷ್ಟು ಹೊತ್ತು ಹೊಸ ಆರ್ಡರ್‌ಗೆ ಉತ್ತರಿಸಲೇಬೇಕೆಂಬ ಒತ್ತಡ ಹೇರದಿರಲಿ. ‘ಎಲ್ಲಿದ್ದೀಯಪ್ಪಾ’ ಎಂದು ಅವರಿಗೆ ಮೂರು ಮೂರು ಸಲ ಕರೆ ಮಾಡುವ ನಾವೂ ಹತ್ತು ನಿಮಿಷ ತಾಳಿಕೊಳ್ಳೋಣ. ನಮ್ಮವರು ದಾರಿಯಲ್ಲಿದ್ದಾರೆಂದು ಗೊತ್ತಿದ್ದೂ ಕರೆ ಮಾಡುವ ಅಪ್ಪ, ಅಮ್ಮ, ಹೆಂಡತಿ, ಮೇಲಧಿಕಾರಿ, ಯಾರೇ ಆಗಲಿ, ಅವರು ಗಾಡಿ ಮೇಲಿದ್ದಾರೆಂದು ತಿಳಿದ ಕೂಡಲೇ ಫೋನ್ ಇಟ್ಟುಬಿಡಬೇಕೆಂದು ನನ್ನ ಕಳಕಳಿಯ ಮನವಿ. ಈಗ ನನ್ನ ಮಗ ಕಾರ್ಖಾನೆಯಿಂದ ಹೊರಡುವಾಗ ಒಂದು ಸಂದೇಶ ಕಳಿಸಿ ಮೊಬೈಲನ್ನು ಸೀಟಿನ ಕೆಳಗಿಡುತ್ತಾನೆ; ಅವನು ಬಂದು ಗೇಟು ತೆಗೆಯುವವರೆಗೆ ಮನೆಯಲ್ಲಿ ಯಾರೂ ಅವನಿಗೆ ಕರೆ ಮಾಡುವುದಿಲ್ಲ.

— ನಿವೃತ್ತ ಶಿಕ್ಷಕ, ಮೈಸೂರು